ನಮ್ಮ ಮನೆಯ ಮೂಕ ಸದಸ್ಯರು
(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ನನ್ನನ್ನು ಈ ವೇದಿಕೆಗೆ ಕರೆದಾಗ ಅವರ ಮನಸ್ಸಿನಲ್ಲಿದ್ದ ವಿಷಯವೇ ಬೇರೆ. ಬ್ಯಾಂಕಿನ ಗುಮಾಸ್ತನಾದವನಿಂದ ಉಳಿತಾಯ, ಬಡ್ಡಿ, ಆದಾಯತೆರಿಗೆ ಇವುಗಳ ಬಗ್ಗೆ ನಾಲ್ಕು ಮಾತು ಕೇಳೋಣವೆಂದು ಅವರ ಅಪೇಕ್ಷೆ. ಎರಡು ವರ್ಷದ ಹಿಂದೆ ಇದೇ ಸಭಾಗೃಹದಲ್ಲಿ ನಾನು ಉಳಿತಾಯದ ಮೇಲೆ ಮುಕ್ಕಾಲು ಗಂಟೆ ಮಾತನಾಡಿದ್ದುಂಟು. ಅಂದು ಮುಂದಿನ ಸಾಲಿನ ಹಿರಿಯರೊಬ್ಬರು ಬಹಳ ಸುಖವಾಗಿ ನಿದ್ರಿಸಿದರು. ಎದ್ದ ಮೇಲೆ ನನ್ನ ಕೈಹಿಡಿದು ಅಭಿನಂದಿಸಿದರು. ಅಂಥ ಉಪಕಾರವನ್ನು ಮತ್ತೊಮ್ಮೆ ಮಾಡುವ ಧೈರ್ಯ ನನಗಿಲ್ಲ. ಆದ್ದರಿಂದ ಈ ಸಲ ವಿಷಯವನ್ನು ನಾನೇ ಆರಿಸಿಕೊಂಡೆ. ಮನೆಯಲ್ಲಿ ನಾವು ಸಾಕುವ ನಾಯಿ ಬೆಕ್ಕುಗಳ ನಿತ್ಯದ ಆರೈಕೆ, ಇದೇ ಇಂದಿನ ನನ್ನ ವಿಷಯ.

ನಾನು ಪಶುವೈದ್ಯನಲ್ಲ; ವಾಣಿಜ್ಯದ ಪದವೀಧರ. ಹೀಗಿರುವಾಗ ಈ ವಿಷಯದಲ್ಲಿ ಬಾಯಿ ಹಾಕಲು ನನಗೇನು ಅಧಿಕಾರವೆಂದು ನೀವು ಕೇಳಬಹುದು. ಅಧಿಕಾರವೇನೂ ಇಲ್ಲ. ಒಂದು ತಪ್ಪು ಮಾಡಿದ್ದೇನೆ. ಆ ತಪ್ಪಿನಿಂದ ಕಲಿತದ್ದಿದೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಐದು ವರ್ಷದ ಹಿಂದಿನ ಮಾತು. ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಚಿನ್ನಿ ಎಂಬ ಬೆಕ್ಕೊಂದಿತ್ತು. ಮಳೆಗಾಲದಲ್ಲಿ ಮೆಟ್ಟಿಲ ಕೆಳಗೆ ತೊಯ್ದು ಕೂತಿದ್ದ ಮರಿಯನ್ನು ಮಗಳು ಎತ್ತಿಕೊಂಡು ಬಂದಿದ್ದಳು. ಮಗಳಿಗೆ ಆಗ ಆರು ವರ್ಷ. ಧಾರವಾಡದ ಕಡೆಯಿಂದ ಬಂದ ನಮ್ಮ ಅವ್ವ ಮೊದಲಿಗೆ, “ಇದ್ದ ನಾಕ ಮಂದಿಗೇ ಕಾಲ ಚಾಚಾಕ ಜಾಗಾ ಇಲ್ಲ, ಇದನ್ಯಾಕ ತಂದ್ಯವ್ವಾ” ಎಂದಳು. ಹದಿನೈದು ದಿನದಲ್ಲಿ ಚಿನ್ನಿ ಅವ್ವನ ಕಾಲ ಮೇಲೆಯೇ ಮಲಗತೊಡಗಿತು.

ಮಾರ್ಚ್ 30ರ ರಾತ್ರಿ ಚಿನ್ನಿ ಊಟ ಮುಟ್ಟಲಿಲ್ಲ. ಮೂಲೆಯಲ್ಲಿ ಮುದುಡಿಕೊಂಡಿತ್ತು. ಮುಟ್ಟಿ ನೋಡಿದೆ, ಮೈ ಬಿಸಿಯಾಗಿತ್ತು. ಜ್ವರವೆಂದು ತೀರ್ಮಾನಿಸಿದೆ. ಮನೆಯಲ್ಲಿ ನಮಗೆಲ್ಲ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಗುಳಿಗೆ ಇತ್ತು. ಅರ್ಧ ಮುರಿದು, ಪುಡಿ ಮಾಡಿ, ಹಾಲಿನಲ್ಲಿ ಕಲಸಿ, ಬಾಯಿ ತೆರೆಸಿ ಕುಡಿಸಿದೆ. ಮರುದಿನ ಮಾರ್ಚ್ 31, ವರ್ಷಾಂತ್ಯದ ಲೆಕ್ಕ. ಬ್ಯಾಂಕಿನವರಿಗೆ ಅಂದು ಹೆಂಡತಿ ಮಕ್ಕಳೇ ನೆನಪಿರುವುದಿಲ್ಲ, ಬೆಕ್ಕಿನ ಮಾತೆಲ್ಲಿ? ಬೆಳಿಗ್ಗೆ ಅದರ ಕಡೆ ನೋಡದೆಯೇ ಗಾಡಿ ಹಿಡಿದೆ. ರಾತ್ರಿ ಹತ್ತೂವರೆಗೆ ತಿರುಗಿ ಬಂದಾಗ ಅದರ ಮುಖ ಊದಿತ್ತು, ಪಾದಗಳು ಊದಿದ್ದವು, ಉಸಿರು ಎಳೆಯುತ್ತಿತ್ತು. ಒಸಡು ಕೆಂಪಾಗಿರಬೇಕಾದದ್ದು ಮಣ್ಣಿನ ಬಣ್ಣಕ್ಕೆ ತಿರುಗಿತ್ತು.

ರಿಕ್ಷಾ ಹಿಡಿದು ಸ್ಟೇಷನ್ ಹತ್ತಿರದ ಪಶುವೈದ್ಯರ ಮನೆ ಬಾಗಿಲು ತಟ್ಟಿದೆವು. ಮಗಳು ಬಿಡದೆ ಜೊತೆಗೆ ಬಂದಿದ್ದಳು. ವೈದ್ಯರು ಮರಾಠಿಗರು, ಸೌಮ್ಯರು. ಅವರು ಕೇಳಿದ ಮೊದಲ ಪ್ರಶ್ನೆ: “ಮನೆಯಲ್ಲಿ ಏನಾದರೂ ಔಷಧ ಕೊಟ್ಟಿದ್ದೀರಾ?” ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು “ಇಲ್ಲ” ಎಂದುಬಿಟ್ಟೆ. ಹತ್ತು ನಿಮಿಷದ ಮೇಲೆ, ಮಗಳನ್ನು ಹೊರಗೆ ಕೂರಿಸಿ ಬಂದು, ನಿಜ ಹೇಳಿದೆ. ಅವರು ಸಿಟ್ಟಾಗಲಿಲ್ಲ. “ಇದಕ್ಕೆ ಪ್ರತ್ಯೌಷಧವಿದೆ. ಆದರೆ ಅದನ್ನು ಕೆಲವು ಗಂಟೆಗಳೊಳಗೆ ಕೊಡಬೇಕು. ನೋಡೋಣ” ಎಂದರು. ಚಿನ್ನಿ ಬೆಳಗಿನ ಜಾವಕ್ಕೆ ಮೊದಲೇ ತೀರಿಕೊಂಡಿತು.

ಆಮೇಲೆ ಅವರು ನನಗೆ ವಿವರಿಸಿ ಹೇಳಿದರು. ನಮ್ಮ ಯಕೃತ್ತು ಪ್ಯಾರಾಸಿಟಮಾಲನ್ನು ಕರಗಿಸಿ ಹೊರಹಾಕಬಲ್ಲದು. ಬೆಕ್ಕಿನ ಯಕೃತ್ತಿಗೆ ಆ ಶಕ್ತಿ ತೀರ ಕಡಿಮೆ. ಹೊರಹೋಗದ ಔಷಧ ವಿಷವಾಗಿ, ರಕ್ತವು ಪ್ರಾಣವಾಯುವನ್ನು ಹೊರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ರಕ್ತದ ಬಣ್ಣವೇ ಕಂದಾಗುತ್ತದೆ. ಅರ್ಧ ಗುಳಿಗೆ ಒಂದು ಬೆಕ್ಕನ್ನು ಕೊಲ್ಲಲು ಸಾಕು. ಇನ್ನೊಂದು ಮಾತನ್ನೂ ಅವರು ಹೇಳಿದರು. ನಮ್ಮ ಮೈಯ ಸಹಜ ಶಾಖ ಸುಮಾರು 98.6 ಡಿಗ್ರಿ ಫ್ಯಾರನ್‌ಹೀಟ್. ನಾಯಿ ಬೆಕ್ಕುಗಳದ್ದು ಸುಮಾರು 101ರಿಂದ 102.5. ಆರೋಗ್ಯದಿಂದಿರುವ ಬೆಕ್ಕು ಕೂಡ ನಮ್ಮ ಕೈಗೆ ಬಿಸಿಯಾಗಿಯೇ ಹತ್ತುತ್ತದೆ. ಎಂದರೆ, ಬಹುಶಃ ಚಿನ್ನಿಗೆ ಅಂದು ಜ್ವರವೇ ಇರಲಿಲ್ಲ.

ಅಂದಿನಿಂದ ನಾನು ಒಂದು ನೋಟುಬುಕ್ಕು ಇಟ್ಟಿದ್ದೇನೆ. ಆ ವೈದ್ಯರಲ್ಲಿಗೆ ಹೋದಾಗಲೆಲ್ಲ ಅವರು ಹೇಳಿದ್ದನ್ನು ಅದರಲ್ಲಿ ಬರೆದುಕೊಳ್ಳುತ್ತೇನೆ. ಈಗ ನಮ್ಮ ಮನೆಯಲ್ಲಿ ಕರಿಯ ಎಂಬ ಬೀದಿನಾಯಿಯ ಮರಿಯೊಂದು ಬೆಳೆದು ದೊಡ್ಡದಾಗಿದೆ. ಆ ನೋಟುಬುಕ್ಕಿನ ಕೆಲವು ಪುಟಗಳನ್ನು ನಿಮ್ಮ ಮುಂದೆ ತೆರೆಯುತ್ತೇನೆ.

ನಮ್ಮ ಊರುಗಳಲ್ಲಿ ನಾಯಿ ಬೆಕ್ಕುಗಳನ್ನು ಯಾರೂ ‘ಸಾಕುತ್ತಿರಲಿಲ್ಲ’, ಅವು ಇರುತ್ತಿದ್ದವು. ನಾಯಿ ಹಿತ್ತಿಲಲ್ಲಿ, ಬೆಕ್ಕು ಅಟ್ಟದ ಮೇಲೆ. ಮಿಕ್ಕ ರೊಟ್ಟಿ ತಿನ್ನುತ್ತಿದ್ದವು, ಇಲಿ ಹಿಡಿಯುತ್ತಿದ್ದವು. ಒಂದು ಸತ್ತರೆ ಇನ್ನೊಂದು ಬರುತ್ತಿತ್ತು. ಏಕೆ ಸತ್ತಿತೆಂದು ಕೇಳಿದವರಿಲ್ಲ. ನಗರದ ಮನೆಯಲ್ಲಿ ಹಾಗಲ್ಲ. ನಾಲ್ಕು ಗೋಡೆಯ ನಡುವೆ ನಾವು ಬಾಗಿಲು ಹಾಕಿಕೊಂಡ ಮೇಲೆ, ಅದರ ಊಟ, ನೀರು, ಗಾಳಿ, ರೋಗ ಎಲ್ಲಕ್ಕೂ ನಾವೇ ಹೊಣೆ. ಊರಿನಿಂದ ನಾವು ಪ್ರೀತಿಯನ್ನು ತಂದಿದ್ದೇವೆ. ಈ ಹೊಸ ಹೊಣೆಯ ತಿಳಿವಳಿಕೆಯನ್ನು ಇಲ್ಲಿಯೇ ಕಲಿಯಬೇಕಾಗಿದೆ.

ಮೊದಲನೆಯ ಪುಟ ಔಷಧದ್ದು. ಮನುಷ್ಯರ ಔಷಧವನ್ನು, ಅದು ಎಷ್ಟೇ ಸಾಮಾನ್ಯವಾದದ್ದಾಗಲಿ, ವೈದ್ಯರನ್ನು ಕೇಳದೆ ಕೊಡಬೇಡಿ. ನೋವಿಗೆ ನಾವು ನುಂಗುವ ಐಬುಪ್ರೊಫೆನ್ ನಾಯಿಗಳ ಹೊಟ್ಟೆಯಲ್ಲಿ ಹುಣ್ಣು ಮಾಡಿ, ಮೂತ್ರಪಿಂಡವನ್ನು ಕೆಡಿಸಬಲ್ಲದು. ನಾಯಿಯ ಔಷಧವನ್ನು ಬೆಕ್ಕಿಗೆ ಹಾಕುವುದೂ ಅಪಾಯವೇ. ಉಣ್ಣಿ ಹೋಗಲೆಂದು ನಾಯಿಯ ಮೈಗೆ ಹಚ್ಚುವ ಕೆಲವು ದ್ರವಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ಅದು ಬೆಕ್ಕಿಗೆ ಪ್ರಾಣಾಂತಕ. ಮತ್ತು ವೈದ್ಯರು ಕೇಳಿದಾಗ ನಿಜವನ್ನೇ ಹೇಳಿ. ಏನು ಕೊಟ್ಟಿರಿ, ಎಷ್ಟು ಕೊಟ್ಟಿರಿ, ಎಷ್ಟು ಗಂಟೆಗೆ ಕೊಟ್ಟಿರಿ ಎಂಬುದನ್ನು ನಾಚಿಕೆ ಬಿಟ್ಟು ಹೇಳಿ. ಸಾಧ್ಯವಿದ್ದರೆ ಔಷಧದ ಚೀಟಿಯನ್ನೇ ಒಯ್ಯಿರಿ. ಪ್ರಾಣಿಗೆ ಬಾಯಿಲ್ಲ; ಅದರ ಪರವಾಗಿ ಮಾತನಾಡುವವರು ನಾವೊಬ್ಬರೇ.

ಎರಡನೆಯದು ಊಟದ ಪುಟ. ಇಲ್ಲಿ ನಮ್ಮ ತಾಯಂದಿರ ಗಮನ ಬೇಕು. ನಾವು ಉಂಡದ್ದನ್ನೇ ಅದಕ್ಕೂ ಇಡುವುದು ನಮ್ಮ ಪದ್ಧತಿ. ಆದರೆ ನಮ್ಮ ಸಾರು ಹುಳಿಗಳಲ್ಲಿರುವ ಈರುಳ್ಳಿ, ಬೆಳ್ಳುಳ್ಳಿಗಳು, ಹಸಿಯಾಗಿರಲಿ ಬೆಂದಿರಲಿ, ನಾಯಿ ಬೆಕ್ಕುಗಳ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ. ಪಾಯಸದ ದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ಮಾರಕವಾಗಬಹುದು. ಮಕ್ಕಳು ಪ್ರೀತಿಯಿಂದ ಕೊಡುವ ಚಾಕೊಲೇಟು ಅದರ ಹೃದಯ ನರಗಳಿಗೆ ವಿಷ. ಮಾಂಸಾಹಾರಿಗಳ ಮನೆಯಲ್ಲಿ ಬೇಯಿಸಿದ ಕೋಳಿಯ ಎಲುಬನ್ನು ಹಾಕುತ್ತಾರೆ. ಬೆಂದ ಎಲುಬು ಸೂಜಿಯಂತೆ ಸೀಳಿ ಕರುಳಿಗೆ ಚುಚ್ಚುತ್ತದೆ. ನಾಯಿಗೆ ಉಪ್ಪು ಖಾರವಿಲ್ಲದ ಅನ್ನ, ಬೇಯಿಸಿದ ಮೊಟ್ಟೆ ಅಥವಾ ಮಾಂಸ, ಕುಂಬಳ ಗಜ್ಜರಿ ಇವು ಹೊಂದುತ್ತವೆ. ಯಾವುದು ಎಷ್ಟು ಎಂಬುದನ್ನು ವೈದ್ಯರಲ್ಲಿ ಕೇಳಿಕೊಳ್ಳಿ.

ಬೆಕ್ಕಿನ ವಿಷಯ ಹೇಳಲು ಸ್ವಲ್ಪ ಸಂಕೋಚ. ನಮ್ಮಲ್ಲಿ ಅನೇಕರು ಶಾಕಾಹಾರಿಗಳು, ನಾನೂ ಹೌದು. ಆದರೆ ಬೆಕ್ಕು ಹುಟ್ಟಿನಿಂದಲೇ ಮಾಂಸಾಹಾರಿ. ಟಾರಿನ್ ಎಂಬ ಸತ್ವ ಅದಕ್ಕೆ ಆಹಾರದಿಂದಲೇ ದೊರಕಬೇಕು. ಅದು ಇರುವುದು ಮಾಂಸ ಮೀನುಗಳಲ್ಲಿ. ಅದಿಲ್ಲದಿದ್ದರೆ ಕ್ರಮೇಣ ಕಣ್ಣು ಕುರುಡಾಗುತ್ತದೆ, ಹೃದಯ ಸೋಲುತ್ತದೆ. ಬರಿಯ ಮೊಸರನ್ನದ ಮೇಲೆ ಬೆಕ್ಕನ್ನು ಬದುಕಿಸುವುದೆಂದರೆ ನಮ್ಮ ವ್ರತಕ್ಕೆ ಅದನ್ನು ಉಪವಾಸ ಹಾಕಿದಂತೆ. ಮನೆಯಲ್ಲಿ ಮಾಂಸ ಬೇಯಿಸಲು ಆಗದವರು ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರವನ್ನು ತರಬಹುದು. ಇನ್ನು ಹಾಲು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆಂದು ಗಾದೆಯೇ ಇದೆ. ಆದರೆ ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ಅವಕ್ಕೆ ಬೇಕಾದದ್ದು ಶುದ್ಧ ನೀರು.

ಮೂರನೆಯ ಪುಟ ಚುಚ್ಚುಮದ್ದಿನದು. ಇದು ಪ್ರಾಣಿಯ ಮಾತಷ್ಟೇ ಅಲ್ಲ, ನಮ್ಮ ಮಕ್ಕಳ ಪ್ರಾಣದ ಮಾತು. ಹುಚ್ಚುನಾಯಿ ರೋಗ, ಎಂದರೆ ರೇಬೀಸ್, ಒಮ್ಮೆ ಲಕ್ಷಣ ತೋರಿತೆಂದರೆ ಮನುಷ್ಯ ಉಳಿಯುವುದಿಲ್ಲವೆಂದೇ ಹೇಳಬೇಕು. ಆದರೆ ಅದನ್ನು ಪೂರ್ತಿಯಾಗಿ ತಡೆಯಬಹುದು. 1885ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ನಾಯಿ ಕಚ್ಚಿದ ಒಂಬತ್ತು ವರ್ಷದ ಬಾಲಕನಿಗೆ ಮೊದಲ ಸಲ ಈ ಲಸಿಕೆ ಕೊಟ್ಟು ಬದುಕಿಸಿದರು. ನಮ್ಮ ಹಿರಿಯರು ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿಯೆಂದು ಹೆದರುತ್ತಿದ್ದರಲ್ಲ, ಆ ಕಾಲ ಎಂದೋ ಹೋಯಿತು. ಈಗ ತೋಳಿಗೆ ನಾಲ್ಕೈದು ಸಲ ಚುಚ್ಚುತ್ತಾರೆ, ಅಷ್ಟೆ. ಸರಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ.

ಕಳೆದ ವರ್ಷ ನಮ್ಮ ಕಟ್ಟಡದ ಕಾವಲುಗಾರನಿಗೆ ನಾಯಿ ಕಚ್ಚಿತು. ಒಬ್ಬರು ಅರಿಸಿನ ತಂದರು, ಇನ್ನೊಬ್ಬರು ಸುಣ್ಣ ತಂದರು. ನಮ್ಮ ಅವ್ವ ಒಳಗಿನಿಂದ ಖಾರದ ಪುಡಿಯ ಡಬ್ಬಿಯನ್ನೇ ತಂದಳು. ನಾನು ಯಾವುದನ್ನೂ ಹಚ್ಚಗೊಡಲಿಲ್ಲ. ನಲ್ಲಿಯ ಕೆಳಗೆ ಅವನ ಕಾಲು ಹಿಡಿದು, ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ಸೋಪು ಹಚ್ಚಿ ತೊಳೆದೆ. ನಲ್ಲಿಯ ನೀರು ಪೋಲಾಗುತ್ತದೆಂದು ಒಬ್ಬ ಮಹಾಶಯರು ಆಕ್ಷೇಪಿಸಿದರು, ನಾನು ಕೇಳಿಸಿಕೊಳ್ಳಲಿಲ್ಲ. ಈ ವಿಷಾಣು ಗಾಯದಿಂದ ನರಗಳ ದಾರಿ ಹಿಡಿದು ಮೆದುಳಿಗೆ ನಡೆಯುತ್ತದೆ. ಗಾಯದಲ್ಲಿಯೇ ಅದನ್ನು ತೊಳೆದುಹಾಕುವುದು ಮೊದಲ ಚಿಕಿತ್ಸೆ. ಆಮೇಲೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರಕ್ತ ಬಂದ ಗಾಯವಾದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಔಷಧವನ್ನು ಗಾಯದ ಸುತ್ತ ಚುಚ್ಚುತ್ತಾರೆ; ಅದನ್ನು ಕೇಳಿ ಹಾಕಿಸಿಕೊಳ್ಳಬೇಕು. ಹೇಳಿದ ತಾರೀಖುಗಳಲ್ಲಿ ಒಂದನ್ನೂ ತಪ್ಪಿಸಬಾರದು. ಬೆಕ್ಕು ಪರಚಿದರೂ, ತೆರೆದ ಗಾಯವನ್ನು ನಾಯಿ ನೆಕ್ಕಿದರೂ ವೈದ್ಯರಿಗೆ ತೋರಿಸಬೇಕು. ಕಾವಲುಗಾರ ಇಂದು ಸುಖವಾಗಿದ್ದಾನೆ. ಅವ್ವನ ಖಾರದ ಪುಡಿ ಅಡಿಗೆಗೆ ಉಪಯೋಗವಾಯಿತು.

ಮನೆಯ ನಾಯಿಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಬೇಕು. ಮುಂದೆ ವೈದ್ಯರು ಹೇಳಿದಂತೆ ಪ್ರತಿ ವರ್ಷ. ಅದಕ್ಕಿಂತ ಮೊದಲೇ, ಆರರಿಂದ ಎಂಟು ವಾರದ ಮರಿಗೆ, ಪಾರ್ವೋ, ಡಿಸ್ಟೆಂಪರ್ ಮೊದಲಾದ ರೋಗಗಳ ಲಸಿಕೆ ಆರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆ ಪುನಃ ಹಾಕಿಸಬೇಕು. ಪಾರ್ವೋ ಬಂದ ಮರಿ ವಾಂತಿ, ರಕ್ತಭೇದಿಯಿಂದ ಎರಡು ಮೂರು ದಿನದಲ್ಲಿ ಕಣ್ಣೆದುರೇ ಬಾಡಿಹೋಗುತ್ತದೆ. ಲಸಿಕೆ ಪೂರ್ತಿಯಾಗುವ ತನಕ ಮರಿಯನ್ನು ಬೀದಿಯ ನೆಲದ ಮೇಲೆ ಬಿಡದಿರುವುದೇ ಕ್ಷೇಮ.

ಮುಂಬಯಿಯ ಮಳೆಯನ್ನು ಕಂಡವರಿಗೆ ಇನ್ನೊಂದು ಮಾತು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಬಿತ್ತು. ಆ ನೀರು ಇಳಿದ ಮೇಲೆ ನಗರದಲ್ಲಿ ಲೆಪ್ಟೊಸ್ಪೈರೋಸಿಸ್ ಎಂಬ ಜ್ವರ ಹಬ್ಬಿತು. ಇಲಿಗಳ ಮೂತ್ರ ಬೆರೆತ ನೀರಿನಿಂದ ಬರುವ ಈ ರೋಗ ನಾಯಿಗೂ ಬರುತ್ತದೆ. ನಾಯಿಯ ಮೂತ್ರದಿಂದ ಮನುಷ್ಯರಿಗೂ ಬರಬಹುದು. ಇದಕ್ಕೂ ನಾಯಿಗೆ ಲಸಿಕೆಯಿದೆ. ನಿಂತ ನೀರಿನಲ್ಲಿ ಅದನ್ನು ನಡೆಸಬೇಡಿ. ತಿರುಗಿ ಬಂದ ಮೇಲೆ ಕಾಲು ತೊಳೆದು, ಬೆರಳ ಸಂದುಗಳನ್ನು ಒರೆಸಿ. ಆಗ ಉಣ್ಣಿಯನ್ನೂ ಹುಡುಕಿ. ಕಿವಿಯೊಳಗೆ, ಕೊರಳ ಕೆಳಗೆ, ಬೆರಳ ನಡುವೆ ಅವು ಅಡಗಿರುತ್ತವೆ. ಉಣ್ಣಿ ಹೀರುವುದು ರಕ್ತವನ್ನು, ಬಿಟ್ಟುಹೋಗುವುದು ಜ್ವರವನ್ನು. ನಾಯಿ ಮಂಕಾಗಿ, ಒಸಡು ಬಿಳಚಿಕೊಂಡರೆ ಉಣ್ಣಿಜ್ವರದ ಅನುಮಾನ ಪಟ್ಟು ರಕ್ತ ಪರೀಕ್ಷೆ ಮಾಡಿಸಬೇಕು. ಜಂತುಹುಳುವಿನ ಔಷಧವನ್ನೂ ಕಾಲಕಾಲಕ್ಕೆ ಕೊಡಿಸಿ. ಆ ಹುಳುಗಳಲ್ಲಿ ಕೆಲವು ಮಕ್ಕಳಿಗೂ ಅಂಟುತ್ತವೆ.

ನಾಲ್ಕನೆಯ ಪುಟ: ಯಾವಾಗ ಕಾಯಬಾರದು? ಪ್ರಾಣಿಗಳು ನೋವನ್ನು ಮುಚ್ಚಿಡುತ್ತವೆ. ಊಟ ಬಿಡುವುದು, ಮೂಲೆ ಸೇರುವುದು, ಇಷ್ಟೇ ಅವುಗಳ ಅರ್ಜಿ. ಬೆಕ್ಕು ಒಂದೆರಡು ದಿನ ಏನೂ ತಿನ್ನದಿದ್ದರೆ ಅದರ ಯಕೃತ್ತಿಗೇ ಅಪಾಯ. ಗಂಡುಬೆಕ್ಕು ಮೂತ್ರಕ್ಕಾಗಿ ಮತ್ತೆ ಮತ್ತೆ ಕುಕ್ಕರಿಸಿ, ಹನಿಯೂ ಬರದೆ ಕೂಗುತ್ತಿದ್ದರೆ ಬೆಳಗಾಗಲೆಂದು ಕಾಯಬೇಡಿ. ಅದು ಗಂಟೆಗಳ ಲೆಕ್ಕ. ನಾಯಿ ಬಿಸಿಲಿನಲ್ಲಿ ವಿಪರೀತ ಏದುಸಿರು ಬಿಟ್ಟು ತೂರಾಡಿದರೆ ನೆರಳಿಗೆ ತಂದು, ಮೈಗೆ ತಣ್ಣೀರು ಹಾಕಿ, ಗಾಳಿ ಬೀಸುತ್ತಲೇ ವೈದ್ಯರಲ್ಲಿಗೆ ಒಯ್ಯಿರಿ. ನಮ್ಮಂತೆ ಅದಕ್ಕೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆಯೇ ಅದರ ಬೀಸಣಿಗೆ. ಬೇಸಗೆಯಲ್ಲಿ ನಿಮ್ಮ ಅಂಗೈಯನ್ನು ರಸ್ತೆಯ ಮೇಲೆ ಇಟ್ಟು ನೋಡಿ. ನಿಮಗೆ ಸುಟ್ಟರೆ ಅದಕ್ಕೂ ಸುಡುತ್ತದೆ.

ಐದನೆಯದು ನನ್ನ ಕಸುಬಿಗೆ ಸೇರಿದ್ದು. ಲಸಿಕೆಗೆ ಖರ್ಚೆಷ್ಟು ಎಂದು ಕೇಳುವವರುಂಟು. ರೇಬೀಸ್ ಲಸಿಕೆಗೆ ವರ್ಷಕ್ಕೆ ಆಗುವ ಖರ್ಚು, ಸಂಸಾರ ಸಮೇತ ಒಂದು ಸಿನಿಮಾ ನೋಡಿ ಬರುವ ಖರ್ಚಿಗಿಂತ ಹೆಚ್ಚಲ್ಲ. ಆದರೆ ರೋಗ ಬಂದ ಮೇಲಿನ ಖರ್ಚು ಬೇರೆ. ಆದ್ದರಿಂದ ಕರಿಯ ಬಂದ ತಿಂಗಳೇ ನಾನು ಅವನಿಗೆಂದು ಚಿಕ್ಕದೊಂದು ಆವರ್ತ ಠೇವಣಿ ತೆರೆದೆ. ಖಾತೆ ನನ್ನ ಹೆಸರಿನಲ್ಲಿದೆ, ಹಣ ಅವನದು. ಮರಿಗಳು ಬೇಡವಾದವರು ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಸಕಾಲದಲ್ಲಿ ಮಾಡಿಸಬೇಕು. ಹೆಣ್ಣುನಾಯಿಗೆ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುವ ರೋಗವೂ ಇದರಿಂದ ತಪ್ಪುತ್ತದೆ.

ಪ್ರಾಣಿದಯೆಯ ವಿಷಯದಲ್ಲಿ ನಾವಿರುವ ಈ ನಗರಕ್ಕೆ ಹಳೆಯ ಚರಿತ್ರೆಯಿದೆ. 1832ರಲ್ಲಿ ಬೀದಿನಾಯಿಗಳನ್ನು ಕೊಲ್ಲುವ ಆಜ್ಞೆಯ ವಿರುದ್ಧ ಇಲ್ಲಿನ ಪಾರ್ಸಿಗಳು ಬೀದಿಗಿಳಿದರು. 1834ರಲ್ಲಿ ಪಾಂಜರಾಪೋಳ ಹುಟ್ಟಿತು. ಪರೇಲಿನಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ಬಾಯಿ ಸಕರಬಾಯಿ ದಿನಶಾ ಪೆಟಿಟ್ ಪಶು ಆಸ್ಪತ್ರೆ ನಡೆದುಬಂದಿದೆ. 1960ರಲ್ಲಿ ಪ್ರಾಣಿಹಿಂಸೆ ತಡೆಯುವ ಕಾಯಿದೆ ಬಂದದ್ದರ ಹಿಂದೆ ರುಕ್ಮಿಣಿದೇವಿ ಅರುಂಡೇಲರ ಶ್ರಮವಿತ್ತು. ವಸತಿ ಸಂಘಗಳು ಸಾಕುಪ್ರಾಣಿಗಳನ್ನು ಒಟ್ಟಾರೆ ನಿಷೇಧಿಸಲಾಗದೆಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಸೂಚಿಸಿದೆ. ಆದರೆ ಬಂಧುಗಳೇ, ಕಾಯಿದೆಯನ್ನು ತೋರಿಸಿ ನೆರೆಯವರನ್ನು ಗೆಲ್ಲಲಾಗುವುದಿಲ್ಲ. ನಾಯಿ ಮಾಡಿದ ಹೊಲಸನ್ನು ನಾವೇ ಎತ್ತಬೇಕು. ಮೆಟ್ಟಿಲ ಮೇಲೆ ಹಗ್ಗ ಹಿಡಿದೇ ನಡೆಸಬೇಕು. ಹೆದರುವ ಮಗುವಿಗೆ ದಾರಿ ಬಿಡಬೇಕು. ಪರವೂರಿನಲ್ಲಿ ಬಾಳುವ ನಮಗೆ ಈ ಪಾಠ ಹೊಸದಲ್ಲ.

ಈಗ ರಾಜ್ಯೋತ್ಸವದ ಸಮಯವಾದ್ದರಿಂದ ನಮ್ಮ ನಾಡಿನ ನಾಯಿಯನ್ನು ನೆನೆಯದಿದ್ದರೆ ತಪ್ಪಾದೀತು. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿ ದೇಶಕ್ಕೆಲ್ಲ ಹೆಸರಾದದ್ದು. 2005ರಲ್ಲಿ ಅದರ ಚಿತ್ರದ ಅಂಚೆಚೀಟಿಯೂ ಬಂದಿತು. ಅಭಿಮಾನ ಪಡೋಣ. ಆದರೆ ಅಭಿಮಾನಕ್ಕಾಗಿ ಅದನ್ನು ತಂದು ಎರಡು ಕೋಣೆಯ ಮನೆಯಲ್ಲಿ ಕಟ್ಟಬೇಡಿ; ಅದು ಬಯಲಿನಲ್ಲಿ ಓಡಲು ಹುಟ್ಟಿದ ಜೀವ. ನಮ್ಮಂಥವರ ಮನೆಗೆ ಬೀದಿಯ ಕರಿಯನೇ ಸರಿ.

ಕೊನೆಯದಾಗಿ, ನಮ್ಮವರಲ್ಲಿ ಮಾತ್ರ ನಾನು ಕಂಡ ಒಂದು ಸಂಗತಿ. ಮೇ ತಿಂಗಳಲ್ಲಿ ನಾವೆಲ್ಲ ಊರಿಗೆ ಹೊರಡುತ್ತೇವೆ. ಕೆಲವರು ಒಂದು ತಿಂಗಳು ನಾಯಿಯನ್ನು ಕಟ್ಟಡದ ಬಾಗಿಲಲ್ಲಿ ಬಿಟ್ಟು, ಯಾರಾದರೂ ಅನ್ನ ಹಾಕುತ್ತಾರೆಂದು ಹೋಗುತ್ತಾರೆ. ಅದು ಬಾಗಿಲು ಕಾಯುತ್ತಲೇ ಇರುತ್ತದೆ. ಟಿಕೇಟು ತೆಗೆಸುವ ದಿನವೇ ಅದರ ವ್ಯವಸ್ಥೆಯನ್ನೂ ಮಾಡಿ. ರೈಲಿನಲ್ಲಿ ಒಯ್ಯಲು ನಿಯಮಗಳುಂಟು; ಪಾರ್ಸೆಲ್ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಆಗದಿದ್ದರೆ, ನಮ್ಮ ಸಂಘದಲ್ಲೇ ಹತ್ತು ಮನೆಗಳು ಕೂಡಿ, ಒಬ್ಬರು ಊರಿಗೆ ಹೋದಾಗ ಇನ್ನೊಬ್ಬರು ನೋಡಿಕೊಳ್ಳುವ ಏರ್ಪಾಡು ಮಾಡಿಕೊಳ್ಳಬಹುದು. ನನ್ನ ಮನೆಯನ್ನು ಮೊದಲನೆಯದಾಗಿ ಬರೆದುಕೊಳ್ಳಿ.

ಚಿನ್ನಿ ರೋಗದಿಂದ ಸತ್ತಿತೆಂದೇ ನಾಲ್ಕು ವರ್ಷ ಮಗಳಿಗೆ ಹೇಳಿದ್ದೆ. ಕಳೆದ ವರ್ಷ ಕರಿಯನಿಗೆ ಮೈ ಬಿಸಿಯಾಯಿತೆಂದು ಅವಳು ತಾನಾಗಿ ಔಷಧದ ಡಬ್ಬಿ ತೆರೆದದ್ದನ್ನು ಕಂಡು ನನ್ನ ಎದೆ ಧಸಕ್ಕೆಂದಿತು. ನಾನು ಮುಚ್ಚಿಟ್ಟ ಸತ್ಯ ಇನ್ನೊಂದು ಜೀವಕ್ಕೆ ಎರವಾಗುವುದರಲ್ಲಿತ್ತು. ಅಂದೇ ಅವಳನ್ನು ಕೂರಿಸಿ ಎಲ್ಲವನ್ನೂ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಪ್ಪಾ, ಇದನ್ನ ಎಲ್ಲಾರಿಗೂ ಹೇಳಬೇಕಿತ್ತು” ಎಂದಳು. ಅವಳು ಈಗ ಮೂರನೆಯ ಸಾಲಿನಲ್ಲಿ ಕುಳಿತಿದ್ದಾಳೆ. ಅವಳ ಮಾತನ್ನು ನಡೆಸಿದ್ದೇನೆ.

ಮನೆಗೆ ಹೋದ ಮೇಲೆ ನಿಮ್ಮ ಔಷಧದ ಡಬ್ಬಿಯನ್ನು ಎತ್ತರದಲ್ಲಿಡಿ. ಹತ್ತಿರದ ಪಶುವೈದ್ಯರ ಫೋನು ನಂಬರನ್ನು ಗೋಡೆಯ ಮೇಲೆ ಬರೆದಿಡಿ. ಇಷ್ಟು ಮಾಡಿದರೆ ನನ್ನ ಭಾಷಣ ಸಾರ್ಥಕ.  ಸಿರಿಗನ್ನಡಂ ಗೆಲ್ಗೆ.